420 ಅಡಿ ಅಂತ ಕರಿಯಮ್ಮನ ಮುಂದೆ ಚೀಟಿ ಇಟ್ಟು ಬೋರ್ ಕೊರೆಸಿದ್ದು

ಹಿರಿಯೂರು, ಚಳ್ಳಕೆರೆ ಕಡೆ ಬೋರಿಗೆ ದುಡ್ಡು ಸುರಿದು ಸಾಲ ಮಾಡಿಕೊಂಡವರೆಲ್ಲ ದೇವರಿಗೆ ಕೈಮುಗಿದೇ ಗಾಡಿ ಕರೆಸಿದವರು. ನನ್ನ ಮೊದಲನೇ ಬೋರೂ ಹಾಗೇ 700 ಅಡಿಗೆ ಹೋಗಿ ಲಕ್ಷದ ಮೇಲೆ ನುಂಗಿತು. ಬರೀ "ನೀರು ಕೊಡು ತಾಯಿ" ಅಂದುಕೊಂಡು ನಿಂತರೆ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಗೊತ್ತಾಗಲ್ಲ. ಅದಕ್ಕೇ ಆಮೇಲೆ ಅಮ್ಮನನ್ನು ಕೇಳಿದ್ದು ನಿಲ್ಲಿಸುವ ಧೈರ್ಯ ಕೊಡು ಅಂತ.

ಸುತ್ತಮುತ್ತ ಹದಿನಾಲ್ಕು ಬೋರಿನವರನ್ನು ವಿಚಾರಿಸಿದಾಗ ಹೆಚ್ಚಿನವರಿಗೆ 380 ಅಡಿಯೊಳಗೇ ನೀರು ಸಿಕ್ಕಿತ್ತು. ಅದರ ಮೇಲೆ ಕೊರೆಯುವ ಎರಡು ರಾಡಿನಷ್ಟು, ಅಂದರೆ 40 ಅಡಿ ಸೇರಿಸಿದೆ. ಚೀಟಿಯಲ್ಲಿ ಬರೆದದ್ದು ಇಷ್ಟೇ: 420 ಅಡಿ, ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಸೇರಿ ಬೋರೊಂದಕ್ಕೆ 75 ಸಾವಿರ. ಗುಡಿಯಲ್ಲಿ ಹೂ ಕೇಳಿದ್ದು ಒಂದೇ ಸಲ, "ಈ ವರ್ಷ ಕೊರೆಸಲಾ, ಬಿಡಲಾ?" ಬಲಕ್ಕೆ ಬೀಳೋವರೆಗೂ ಕೇಳ್ತಾ ಕೂತರೆ ಅದು ಅಪ್ಪಣೆ ಅಲ್ಲ, ನಮ್ಮ ಆಸೆ. ಚೀಟಿಯನ್ನು ಮನೆಯವಳ ಕೈಗೆ ಕೊಟ್ಟೆ. ಅವಳು ಹೂಂ ಅನ್ನದೆ ಒಂದು ರಾಡೂ ಇಳಿಯಬಾರದು.

ಎರಡನೇ ಬೋರು. ರಾತ್ರಿ ಎರಡು ಗಂಟೆ, 400 ಅಡಿ. ಅಂಗೈಗೆ ಬಿದ್ದದ್ದು ಬಿಸಿ ಬಿಸಿ ಕಪ್ಪು ಪುಡಿ, ಉಂಡೆ ಕಟ್ಟುವಷ್ಟೂ ಪಸೆ ಇಲ್ಲ. "ಅಣ್ಣಾ, ಇನ್ನೊಂದು ನೂರಡಿ ಬಿಡಿ, ಗ್ಯಾಪ್ ಸಿಗ್ತದೆ" ಅಂದ ಏಜೆಂಟ್. ಗ್ಯಾಪ್ ಅಂದರೆ ಬಂಡೆಯೊಳಗೆ ನೀರಿರುವ ಬಿರುಕು. ಜನ ಕೆಡೋದೇ ಇಲ್ಲಿ. 300 ಅಡಿ ದಾಟಿದ ಮೇಲೆ ಪ್ರತಿ ನೂರಕ್ಕೂ ರೇಟು ಏರುತ್ತದೆ. ಆಗ ಮೊದಲ 400 ಅಡಿಗೆ ಸುಮಾರು 39 ಸಾವಿರ ಆದರೆ ಅಲ್ಲಿಂದ 900ಕ್ಕೆ ಹೋಗಲು ಅದರ ದುಪ್ಪಟ್ಟು ಬೇಕಿತ್ತು. 420ಕ್ಕೆ ರಾಡ್ ಎತ್ತಿಸಿದೆವು. ಕೈಗೆ ಬಂದ ನೀರು ಬಿಟ್ಟ ಅಂತ ಊರೆಲ್ಲ ಆಡಿಕೊಂಡಿತು. ಉಳಿದ ದುಡ್ಡಲ್ಲಿ ನಾಲ್ಕನೇ ದಿನ ಮೂರನೇದು ಕೊರೆಸಿದೆವು. 310 ಅಡಿಗೆ ಎರಡಿಂಚು ನೀರು. ಆಡಿಕೊಂಡವರಲ್ಲೇ ಇಬ್ಬರು ಈಗ ಚೀಟಿ ಬರೆದಿಟ್ಟು ಕೊರೆಸಿದ್ದಾರೆ.

ಇನ್ನು ಪಾಯಿಂಟಿನ, ಅಂದರೆ ಎಲ್ಲಿ ಕೊರೆಸಬೇಕು ಅಂತ ಗುರುತು ಹಾಕಿಸುವ ವಿಷಯ. ತೆಂಗಿನಕಾಯಿಯವರು, ಬೇವಿನ ಕವಲುಕಡ್ಡಿಯವರು, ಮೀಟರಿನವರು, ಮೂವರನ್ನೂ ಬೇರೆ ಬೇರೆ ದಿನ ಅದೇ ಹೊಲಕ್ಕೆ ಕರೆಸಿ ನೋಡಿದೆ, ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣದಂತೆ. ಮೂರೂ ಬೇರೆ ಜಾಗ. ಅದರಲ್ಲಿ ಯಾವುದನ್ನು ಹಿಡಿದೆ, ಹೇಗೆ ಆರಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಹೊಲಕ್ಕೆ ಬಂದವರಿಗೆ ತೋರಿಸ್ತೇನೆ.

ಒಣಬೋರಿನ ಕೇಸಿಂಗ್ ಕೀಳಿಸಲಿಲ್ಲ, ಅದರೊಳಗೆ ಮಳೆನೀರು ಇಂಗಿಸೋಣ ಅಂತ. ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ, ಗುಂಡಿಯೊಳಗೆ ಬರುವ ಪೈಪಿಗೆ ತೂತು ಹೊಡೆದು ನೈಲಾನ್ ಜಾಲರಿ ಸುತ್ತಿದೆ. ತಳಕ್ಕೆ ದಪ್ಪ ಕಲ್ಲು, ಮೇಲೆ 40 ಎಂಎಂ ಜಲ್ಲಿ, ಇದ್ದಿಲು, ಕೊನೆಗೆ ದಪ್ಪ ಮರಳು. ಹತ್ತಿರತ್ತಿರ 30 ಸಾವಿರ. ಮೊದಲ ಮಳೆಗೇ ಕೆಸರು ನುಗ್ಗಿ ಮರಳು ಕಟ್ಟಿಕೊಂಡಿತು, ನೀರು ಬರುವ ದಾರಿಯಲ್ಲಿ ಮೊದಲೇ ಹೂಳು ತಂಗುವ ಗುಂಡಿ ಮಾಡದೇ ಇದ್ದದ್ದೇ ಕಾರಣ. ಆಮೇಲೆ ಅದನ್ನೂ ಮಾಡಿಸಿದೆ. ಈಗ ಹೊಲದ ನೀರು ಆ ಹೂಳುಗುಂಡಿಯಲ್ಲಿ ತಂಗಿ, ತಿಳಿಯಾಗಿ ಒಳಗೆ ಬರುತ್ತದೆ. ಮೇಲಿನ ಅರ್ಧ ಅಡಿ ಮರಳನ್ನು ಪ್ರತಿ ಮೇ ತಿಂಗಳು ತೆಗೆದು ತೊಳೆದು ಹಾಕಬೇಕು. ಕೇಸಿಂಗ್ ಬಾಯಿಗೆ ಬೋಲ್ಟ್ ಬಿಗಿದ ಕಬ್ಬಿಣದ ಮುಚ್ಚಳ ಇದೆ, ಅದರ ಮೇಲೆ ಅಮ್ಮನ ಕುಂಕುಮ.