ಇರಾಕ್ ಯುದ್ಧದ ಮೇಲೆ ಸಭೆ ಇಡೋದು ಹೇಗೆ: ಮಾಟುಂಗಾದಲ್ಲಿ ಒಮ್ಮೆ ಕೆಡಿಸಿ, ಒಮ್ಮೆ ದಡ ಸೇರಿಸಿದವನ ಮಾತು

ಮೊದಲ ಸಲ ನಾನು ಮಾಡಿದ್ದು ಪೂರ್ತಿ ಎಕ್ಕುಟ್ಟಿಹೋಯ್ತು, ಅದನ್ನ ಮೊದಲೇ ಹೇಳ್ಬಿಡ್ತೀನಿ. ಮುಂಬೈಯ ಮಾಟುಂಗಾದಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಗುಂಪು ಇದೆ, ತಿಂಗಳಿಗೊಂದು ಭಾನುವಾರ ಸೇರ್ತೀವಿ, ಇಪ್ಪತ್ತೈದು ಮೂವತ್ತು ಜನ, ಡೊಂಬಿವಿಲಿ ಮುಲುಂಡ್ ಐರೋಳಿಯಿಂದೆಲ್ಲ ಬರ್ತಾರೆ, ಬಹುಪಾಲು ಕರಾವಳಿ ಕಡೆಯವರು, ಒಂದಷ್ಟು ಧಾರವಾಡದವರು, ಈಗೀಗ ಐಟಿ ಹುಡುಗರೂ ಬರ್ತಿದಾರೆ. "ಸರ್ವಾಧಿಕಾರಿನ ಇಳಿಸೋಕೆ ಯುದ್ಧ ಮಾಡೋದು ಸರಿನಾ" ಅಂತ ವಿಷಯ ಇಟ್ಟೆ, 2003ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್, ಬ್ರಿಟನ್ ಪ್ರಧಾನಿ ಬ್ಲೇರ್ ಸೇರಿ ಸದ್ದಾಂ ಹುಸೇನ್‌ನ ಇಳಿಸಿದ ಇರಾಕ್ ಯುದ್ಧದ ಉದಾಹರಣೆ ಕೊಟ್ಟೆ, ಮೈಕ್ ಬಿಟ್ಟುಕೊಟ್ಟೆ. ಹತ್ತೇ ನಿಮಿಷ. ಒಬ್ರು "ಏನ್ರೀ ನೀವು ಸದ್ದಾಂ ಭಕ್ತರಾ" ಅಂದ್ರು, ಇನ್ನೊಬ್ರು "ಬುಷ್ ನಿಮಗೆಷ್ಟು ಕೊಟ್ಟ" ಅಂದ್ರು, ಆಮೇಲೆ ಇರಾಕ್ ಎಲ್ಲೋ ಹೋಗಿ ಯಾರ ಮಗಳ ಮದುವೆಗೆ ಯಾರು ಬರಲಿಲ್ಲ ಅನ್ನೋ ತನಕ ಬಂತು. ನಮಗೆ ವರ್ಷಗಟ್ಟಲೆ ಉಪ್ಪಿಟ್ಟು ಮಾಡಿಕೊಂಡು ಬರ್ತಿದ್ದ ಹಿರಿಯರು ಪಾತ್ರೆ ಎತ್ಕೊಂಡು ಎದ್ದು ಹೋದ್ರು. ಉಪ್ಪಿಟ್ಟು ಸಮೇತ.

ಎರಡನೇ ಸಲ ಅದೇ ವಿಷಯ, ಅದೇ ಜನ, ಎರಡೂವರೆ ಗಂಟೆ ನಡೀತು, ಜೋರು ಜಗಳನೇ ಆಯ್ತು ಆದ್ರೆ ಇರಾಕ್ ಬಗ್ಗೆನೇ ಆಯ್ತು. ಏನು ಬದಲಾಯಿಸಿದೆ ಅಂತ ಕೇಳಿದವರಿಗೆ ಇದು.

ಮೊದಲು ಪೋಸ್ಟರ್. ಕನ್ನಡದಲ್ಲಿ ಈ ಯುದ್ಧಕ್ಕೆ ಹೆಸರಿಡೋದ್ರಲ್ಲೇ ತೀರ್ಪು ಕೊಟ್ಟುಬಿಡ್ತೀವಿ. "ಇರಾಕ್ ಆಕ್ರಮಣ" ಅಂತ ಬರೆದ್ರೆ ಅರ್ಧ ಜನ ಬರೋ ಮುಂಚೆನೇ ಸೋತಿರ್ತಾರೆ, "ಇರಾಕ್ ವಿಮೋಚನೆ" ಅಂದ್ರೆ ಇನ್ನರ್ಧ. ಅಮೆರಿಕದವರು ತಮ್ಮ ಕಾರ್ಯಾಚರಣೆಗೆ ಆಪರೇಷನ್ ಇರಾಕಿ ಫ್ರೀಡಂ ಅಂತ ಹೆಸರಿಟ್ಟಿದ್ದೂ ಇದಕ್ಕೇ ಅಲ್ವಾ. ನಾನು ಸುಮ್ನೆ "ಇರಾಕ್ 2003" ಅಂತ ಹಾಕಿದೆ. ಬೋಳು ಅನಿಸುತ್ತೆ, ಅನಿಸಲಿ ಬಿಡಿ.

ಟೈಮಿಂಗ್ ಬಗ್ಗೆ ಒಂದೇ ಮಾತು, ಭಾನುವಾರ ಮಧ್ಯಾಹ್ನ ಇಡಬೇಡಿ. ಸೆಂಟ್ರಲ್ ಲೈನಲ್ಲಿ ಮೆಗಾಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ರೈಲು ನಿಲ್ಲಿಸೋದು, ಮಾಟುಂಗಾ ಮುಲುಂಡ್ ಮಧ್ಯೆನೇ ಎಷ್ಟೋ ಸಲ, ಜನ ಬೆವರಿಳಿಸಿಕೊಂಡು ಸಿಟ್ಟಲ್ಲೇ ಹಾಲ್ ಒಳಗೆ ಕಾಲಿಡ್ತಾರೆ, ಅವರ ಕೈಗೆ ಬುಷ್ ಬ್ಲೇರ್ ಕೊಟ್ರೆ ಇನ್ನೇನಾಗುತ್ತೆ. ಸಂಜೆ ಐದು ಒಳ್ಳೇದು.

ಈಗ ಅಸಲಿ ಕೆಲಸ. ಸದ್ದಾಂ ಕೆಟ್ಟವನಾ ಅನ್ನೋದನ್ನ ಮೊದಲ ಐದು ನಿಮಿಷದಲ್ಲಿ ಮುಗಿಸಿ ಪಕ್ಕಕ್ಕಿಡಿ. ಇಲ್ಲಾಂದ್ರೆ ಯುದ್ಧ ವಿರೋಧಿಸಿದ ಪ್ರತಿಯೊಬ್ಬನೂ ಸದ್ದಾಂ ವಕೀಲ ಆಗಿಬಿಡ್ತಾನೆ. ನಾನೇ ನಿಂತು ಓದಿದೆ: 1982ರಲ್ಲಿ ದುಜೈಲ್ ಊರಲ್ಲಿ ತನ್ನ ಮೇಲೆ ಗುಂಡು ಹಾರಿಸಿದ್ರು ಅಂತ 148 ಜನರನ್ನ ಮುಗಿಸಿದ್ದು, ಕೊನೆಗೆ ಗಲ್ಲಾಗಿದ್ದೂ ಅದೇ ಕೇಸಲ್ಲಿ, 2006ರ ಡಿಸೆಂಬರ್ 30ಕ್ಕೆ. 1988ರ ಮಾರ್ಚ್ 16ರಂದು ಹಲಬ್ಜಾ ಅನ್ನೋ ಕುರ್ದರ (ಉತ್ತರ ಇರಾಕಿನ ಒಂದು ಜನಾಂಗ) ಊರಿನ ಮೇಲೆ ವಿಷಾನಿಲ, ಸತ್ತವರು ಸುಮಾರು ಐದು ಸಾವಿರ. ಓದಿ ಮುಗಿಸಿ ಕೇಳಿದೆ, ಇವನು ಒಳ್ಳೆಯವನಾಗಿದ್ದ ಅಂತ ಯಾರಾದ್ರೂ ಹೇಳೋರಿದಾರಾ? ಯಾರೂ ಇಲ್ಲ. ಸರಿ, ಹಾಗಾದ್ರೆ ಇನ್ಮೇಲೆ ಯಾರೂ ಇನ್ನೊಬ್ಬರಿಗೆ "ಸದ್ದಾಂ ಭಕ್ತ" ಅನ್ನೋ ಹಾಗಿಲ್ಲ, ಅಂದವರು ಎಲ್ಲರ ಚಹಾದ ದುಡ್ಡು ಕೊಡಬೇಕು ಅಂದೆ. ಮುಂಬೈಲಿ ನೀತಿಪಾಠ ನಡೆಯಲ್ಲ, ದುಡ್ಡಿನ ಮಾತು ನಡೆಯುತ್ತೆ.

ಇನ್ನು ಹಗ್ಗ. ಮೊದಲ ಸಲದ ಸಭೆ ಯಾಕೆ ಹಾಳಾಯ್ತು ಅಂತ ಲೋಕಲ್‌ನಲ್ಲಿ ನಿಂತ್ಕೊಂಡು ಯೋಚಿಸ್ತಾ ಇದ್ದಾಗ ಹೊಳೆದಿದ್ದು ಇದು: ನಾವು ಬೇರೆ ಬೇರೆ ಅಭಿಪ್ರಾಯ ಇಟ್ಕೊಂಡು ಜಗಳ ಆಡ್ತಿರಲಿಲ್ಲ, ಬೇರೆ ಬೇರೆ ತಾರೀಖಿನ ಮೇಲೆ ನಿಂತ್ಕೊಂಡು ಜಗಳ ಆಡ್ತಿದ್ವಿ. ಒಬ್ಬ 2003ರ ಫೆಬ್ರವರಿಲಿ ನಿಂತಿದಾನೆ, ಇನ್ನೊಬ್ಬ 2004ರಲ್ಲಿ, ಮತ್ತೊಬ್ಬ 2014ರಲ್ಲಿ, ಮೂವರೂ ಒಬ್ಬರಿಗೊಬ್ಬರು "ನಿಮಗೆ ಅಷ್ಟೂ ಗೊತ್ತಿಲ್ವಾ" ಅಂತಿದಾರೆ. ಅದಕ್ಕೆ ಬಟ್ಟೆ ಒಣಗಿಸೋ ನೈಲಾನ್ ಹಗ್ಗ ತಗೊಂಡು ಹಾಲಿನ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕಟ್ಟಿ, ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ತಾರೀಖು ಬರೆದು ಕ್ಲಿಪ್ ಹಾಕಿ ನೇತು ಹಾಕಿದೆ. ರೂಲ್ ಒಂದೇ. ಮಾತಾಡೋರು ಯಾವುದಾದ್ರೂ ಒಂದು ಹಾಳೆ ಕೆಳಗೆ ನಿಂತು ಮಾತಾಡಬೇಕು, ಆ ದಿನದ ತನಕ ಜನಕ್ಕೆ ಗೊತ್ತಿದ್ದದ್ದನ್ನ ಮಾತ್ರ ಹೇಳಬೇಕು, ಮುಂದಿನದು ಬೇಕಂದ್ರೆ ನಡ್ಕೊಂಡು ಮುಂದಿನ ಹಾಳೆಗೆ ಹೋಗಬೇಕು.

ನಾನು ನೇತು ಹಾಕಿದ್ದು ಇವು. 2002 ನವೆಂಬರ್ 8, ಅಸ್ತ್ರ ತಪಾಸಣೆಗೆ ಒಪ್ಪೋಕೆ ಇರಾಕಿಗೆ ಕೊನೇ ಅವಕಾಶ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1441ನೇ ನಿರ್ಣಯ ಪಾಸ್ ಮಾಡಿದ್ದು, ಹದಿನೈದಕ್ಕೆ ಹದಿನೈದೂ ವೋಟು, ಸಿರಿಯಾದ್ದೂ ಸೇರಿ. 2003 ಫೆಬ್ರವರಿ 5, ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ ಮಂಡಳಿ ಮುಂದೆ ಇರಾಕಿನ ಹತ್ರ ಜೈವಿಕ ಅಸ್ತ್ರ ಇದೆ ಅಂತ ಪುಟ್ಟ ಸೀಸೆ ಎತ್ತಿ ತೋರಿಸಿದ್ದು. ಫೆಬ್ರವರಿ 15, ಲಂಡನ್ ರೋಮ್ ಅಂತ ನೂರಾರು ಊರಲ್ಲಿ ಯುದ್ಧ ಬೇಡ ಅಂತ ಒಂದೇ ದಿನ ಮೆರವಣಿಗೆ. ಮಾರ್ಚ್ 7, ವಿಶ್ವಸಂಸ್ಥೆಯ ಅಸ್ತ್ರ ತಪಾಸಣೆ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ನಮ್ಮ ಕೆಲಸಕ್ಕೆ ವರ್ಷಗಳೂ ಬೇಡ ವಾರಗಳೂ ಸಾಲದು, ತಿಂಗಳುಗಳು ಬೇಕು ಅಂದಿದ್ದು. ಮಾರ್ಚ್ 20, ಬಾಂಬು. ಏಪ್ರಿಲ್ 9, ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಬಿದ್ದಿದ್ದು. ಮೇ 23, ಇರಾಕ್ ಆಳೋಕೆ ಅಮೆರಿಕ ಕಳಿಸಿದ್ದ ಪಾಲ್ ಬ್ರೆಮರ್ ಒಂದು ಆದೇಶದಲ್ಲಿ ಇಡೀ ಇರಾಕಿ ಸೈನ್ಯನೇ ವಿಸರ್ಜಿಸಿದ್ದು. 2004ರ ಏಪ್ರಿಲ್, ಅಬು ಘ್ರೈಬ್ ಜೈಲಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಹಿಂಸೆ ಕೊಟ್ಟ ಫೋಟೋಗಳು. 2004ರ ಶರತ್ಕಾಲ, ಅಮೆರಿಕದ್ದೇ ತನಿಖಾ ತಂಡ ಯುದ್ಧಕ್ಕೆ ಕಾರಣ ಅಂತ ಹೇಳಿದ್ದ ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನು ಇರಲಿಲ್ಲ ಅಂತ ವರದಿ ಕೊಟ್ಟಿದ್ದು.

ಇದು ಆಟದ ಥರ ಕಾಣುತ್ತೆ, ಆದ್ರೆ ಕೆಲಸ ಮಾಡುತ್ತೆ. ಐರೋಳಿಯ ಹುಡುಗ ಎದ್ದವನೇ ಸೀದಾ ಕೊನೇ ಹಾಳೆಗೆ ಹೋಗಿ "ಎಲ್ಲಾ ಸುಳ್ಳು ಅಂತ ಗೊತ್ತಿದ್ದೂ" ಅಂತ ಶುರು ಮಾಡಿದ. ಬ್ಯಾಂಕಿಂದ ರಿಟೈರ್ ಆದ ರಾಯರು ಫೆಬ್ರವರಿ 5ರ ಕೆಳಗಿಂದ ಕೂಗಿದ್ರು, "ಮರಿ, ಇಲ್ಲಿ ಬಂದು ನಿಂತ್ಕೊಂಡು ಹೇಳು." ಅವನು ಬಂದ. ನಿಂತ. ಸ್ವಲ್ಪ ಹೊತ್ತು ಸೀಸೆ ಬಗ್ಗೆ ಬಾಯೇ ಬರಲಿಲ್ಲ, ಆಮೇಲೆ ಎರಡು ಹೆಜ್ಜೆ ಇಟ್ಟು ಮಾರ್ಚ್ 7ಕ್ಕೆ ಹೋದ, "ಇಲ್ಲಿ ಗೊತ್ತಾಗಿರಬೇಕಿತ್ತಲ್ಲ, ತಪಾಸಣೆ ಮಾಡೋನೇ ತಿಂಗಳು ಕೊಡಿ ಅಂತಿದಾನೆ, ಹದಿಮೂರು ದಿನಕ್ಕೆ ಬಾಂಬ್ ಹಾಕ್ತಾರೆ, ಅಷ್ಟೇನು ಅರ್ಜೆಂಟು" ಅಂದ. ರಾಯರು ಉತ್ತರ ಹುಡುಕಿದ್ರು. ಸಿಕ್ತು ಕೂಡ, ಗಡಿಯಲ್ಲಿ ಅಮೆರಿಕದ ಸೈನ್ಯ ಬಂದು ಕೂತಿದ್ದರಿಂದಲೇ ಸದ್ದಾಂ ತಪಾಸಕರಿಗೆ ಬಾಗಿಲು ತೆಗೆದಿದ್ದು, ಸೈನ್ಯನ ಮರುಭೂಮಿಲಿ ಎಷ್ಟು ದಿನ ಕೂರಿಸ್ತೀರಿ ಅಂತ. ಒಳ್ಳೇ ಉತ್ತರನೇ. ನಾನು ಒಪ್ಪಲ್ಲ, ಆದ್ರೆ ಮೊದಲ ಸಭೆಲಿ ಇಂಥ ಒಂದು ಮಾತೂ ಬಂದಿರಲಿಲ್ಲ.

ಎಡ ಬಲ ಅಂತ ಎರಡು ಸಾಲು ಕುರ್ಚಿ ಹಾಕಬೇಡಿ, ಈ ಯುದ್ಧದಲ್ಲಿ ಆ ಲೆಕ್ಕ ಕೂಡಿ ಬರಲ್ಲ. ಬ್ರಿಟನ್ನಲ್ಲಿ ಯುದ್ಧ ಬೇಕು ಅಂದ ಬ್ಲೇರ್ ಲೇಬರ್ ಪಕ್ಷ, ಬೇಡ ಅಂತ ಮಾರ್ಚ್ 17ಕ್ಕೆ ಸಚಿವಗಿರಿ ಬಿಟ್ಟ ರಾಬಿನ್ ಕುಕ್ಕೂ ಅದೇ ಪಕ್ಷ. ಲೇಖಕ ಕ್ರಿಸ್ಟೋಫರ್ ಹಿಚೆನ್ಸ್ ಎಡಪಂಥದಿಂದ ಬಂದು ಯುದ್ಧದ ಪರ ನಿಂತ. ಇರಾಕಿನ ಕುರ್ದರಿಗೆ ಖುಷಿ.

ಹಗ್ಗದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಉಪ್ಪಿಟ್ಟಿನ ಹಿರಿಯರನ್ನ ಮನೆಗೆ ಹೋಗಿ ಕರ್ಕೊಂಡು ಬಂದಿದ್ದೆ, ಅವರು ಎದ್ದು ಹಗ್ಗದುದ್ದಕ್ಕೂ ಒಂದು ಸಲ ನಡೆದು, ಕಿಟಕಿ ಹತ್ರ ನಿಂತು, "ನನ್ನ ತಾರೀಖು ಇಲ್ಲಿಲ್ಲ" ಅಂದ್ರು. ಅವರು ಕುವೈತಲ್ಲಿ ಅಡುಗೆ ಕೆಲಸಕ್ಕಿದ್ದವರು ಅಂತ ನಮಗೆಲ್ಲ ಗೊತ್ತಿತ್ತು, ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಅಷ್ಟೇ. ಅವರ ತಾರೀಖು 1990 ಆಗಸ್ಟ್ 2, ಸದ್ದಾಂ ಸೈನ್ಯ ಕುವೈತಿಗೆ ನುಗ್ಗಿದ ದಿನ. ಹಗ್ಗ ಬಿಚ್ಚಿ ಇನ್ನೊಂದು ತುಂಡು ಗಂಟು ಹಾಕಿ ಬಾಗಿಲ ಚಿಲಕಕ್ಕೆ ಎಳೆದ್ವಿ. ಅಲ್ಲಿ ನಿಂತು ಹೇಳಿದ್ರು, ಮೀಸೆ ಸರಿಯಾಗಿ ಮೂಡದ ಇರಾಕಿ ಸೈನಿಕನೊಬ್ಬ ಬಂದೂಕು ಅಡುಗೆಮನೆ ಬಾಗಿಲಿಗೆ ಒರಗಿಸಿ ರೊಟ್ಟಿ ಕೇಳಿದ್ನಂತೆ, ಕೊಟ್ಟಿದ್ದಕ್ಕೆ ತಲೆ ತಗ್ಗಿಸಿ ತಿಂದ್ನಂತೆ, ಮಾರನೇ ದಿನ ಅವನ ಕಡೆಯವರೇ ಬಂದು ಫ್ರಿಜ್ ಎತ್ಕೊಂಡು ಹೋದ್ರಂತೆ. ಆಮೇಲೆ ಬಸ್ಸಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ ವಿಮಾನ ಸೀದಾ ಬಾಂಬೆ ಸಹಾರ್‌ಗೆ. ಹಾಗೆ ಬಂದವರು 1 ಲಕ್ಷಕ್ಕೂ ಹೆಚ್ಚು ಜನ. ನಮ್ಮ ವಿದೇಶಾಂಗ ಮಂತ್ರಿ ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂನ ಅಪ್ಪಿಕೊಂಡ ಫೋಟೋಗೆ ಲೋಕವೆಲ್ಲ ಬೈದಿತ್ತು, ಇವರು "ಆ ಅಪ್ಪುಗೇಲೇ ನಾನು ಮನೆಗೆ ಬಂದಿದ್ದು, ನಾನೇನು ಬೈಲಿ" ಅಂದ್ರು.

ಮತ್ತೆ ಯುದ್ಧದ ಬಗ್ಗೆ ಏನಂತೀರಿ ಅಂತ ಹುಡುಗ ಕೇಳಿದ. ಅವರು ನಿಧಾನಕ್ಕೆ ನಡೆದು 1991ಕ್ಕೆ ಬಂದ್ರು, ಅಲ್ಲಿ ಹಾಳೆ ಇರಲಿಲ್ಲ, ಬರೀ ಹಗ್ಗ ಹಿಡ್ಕೊಂಡ್ರು. "ಕುವೈತ್ ಬಿಡಿಸೋ ಯುದ್ಧದ ಹೊತ್ತಲ್ಲಿ ಇರಾಕಿನ ಜನಕ್ಕೆ ಸದ್ದಾಂ ವಿರುದ್ಧ ಏಳಿ ಅಂದಿದ್ದು ದೊಡ್ಡ ಬುಷ್ಷೇ, ಈ ಬುಷ್ ಅಪ್ಪ. ದಕ್ಷಿಣದಲ್ಲಿ ಎದ್ರು, ಉತ್ತರದಲ್ಲಿ ಎದ್ರು. ಸದ್ದಾಂ ಅವರನ್ನ ತುಳಿದಾಗ ಕೈ ಕಟ್ಟಿ ನಿಂತವರಿಗೆ ಹನ್ನೆರಡು ವರ್ಷ ಬಿಟ್ಟು ನೆನಪಾಯ್ತಾ?" ಸದ್ದಾಂ ಹೋಗಲೇಬೇಕಿತ್ತು ಅನ್ನೋರೂ ಅವರೇ, 2003 ತಪ್ಪು ಅನ್ನೋರೂ ಅವರೇ. ಹಾಗಾಗಿ ಕರಾವಳಿಯವರು ಇರೋ ಸಭೆ ಆದ್ರೆ ಹಗ್ಗನ ಕನಿಷ್ಠ 1980ರಿಂದ ಶುರು ಮಾಡಿ, ಇರಾಕ್-ಇರಾನ್ ಯುದ್ಧದಿಂದ, ಯಾಕಂದ್ರೆ ಗಲ್ಫಿಗೆ ಹೋಗಿಬಂದವರು ಯಾವ ತಾರೀಖಲ್ಲಿ ಸಿಕ್ಕಾಕೊಂಡಿದಾರೆ ಹೇಳೋಕಾಗಲ್ಲ. ಬಲಗಡೆಗೂ ಸ್ವಲ್ಪ ಬಿಡಿ, 2014ರ ಜೂನಲ್ಲಿ ಮೋಸುಲ್ ಐಸಿಸ್ ಕೈಗೆ ಬಿದ್ದು ಅಲ್ಲಿದ್ದ ನಮ್ಮ 39 ಕೂಲಿಕಾರರು ಸತ್ತಿದ್ದು 2018ರಲ್ಲಿ ಖಾತ್ರಿಯಾಯ್ತು, ಅದನ್ನ ಯಾರಾದ್ರೂ ಎತ್ತೇ ಎತ್ತುತ್ತಾರೆ.

ಅಂಕಿ ಹೇಳೋರಿಗೆ ಒಂದೇ ಪ್ರಶ್ನೆ ಕೇಳಿ, ಎಣಿಸಿದ್ದು ಯಾರು? ಫೆಬ್ರವರಿ 15ರ ಲಂಡನ್ ಮೆರವಣಿಗೆಗೆ ಪೊಲೀಸರ ಲೆಕ್ಕ ಏಳೂವರೆ ಲಕ್ಷ, ಸಂಘಟಕರ ಲೆಕ್ಕ ಇಪ್ಪತ್ತು ಲಕ್ಷದ ಹತ್ತಿರ. ಸತ್ತವರದ್ದೂ ಹಾಗೇ, ಪತ್ರಿಕೆ ಆಸ್ಪತ್ರೆ ದಾಖಲೆ ಹಿಡಿದು ಒಂದೊಂದೇ ಹೆಣ ಎಣಿಸಿದ ಇರಾಕ್ ಬಾಡಿ ಕೌಂಟ್ ಲೆಕ್ಕ ಬೇರೆ, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಮನೆಮನೆ ಸಮೀಕ್ಷೆಯ ಆರೂವರೆ ಲಕ್ಷ ಬೇರೆ. ಎರಡನ್ನೂ ಹೇಳಿ, ಹೇಗೆ ಎಣಿಸಿದ್ರು ಅಂತಲೂ ಹೇಳಿ, ಮುಂದೆ ಹೋಗಿ.

ಗೋವಾ ಬರುತ್ತೆ, ಬಂದೇ ಬರುತ್ತೆ. "1961ರಲ್ಲಿ ನಾವೂ ಹೋದ್ವಲ್ಲ, ಅಲ್ಲೂ ಸಲಾಜಾರ್ ಅಂತ ಪೋರ್ಚುಗಲ್ಲಿನ ಸರ್ವಾಧಿಕಾರಿ, 36 ಗಂಟೇಲಿ ಮುಗಿಸಿದ್ವಿ, ನಮ್ಮದು ವಿಮೋಚನೆ ಅವರದ್ದು ಆಕ್ರಮಣನಾ" ಅಂತ ಕಾರವಾರದವರು ಯಾರಾದ್ರೂ ಎದ್ದೇಳ್ತಾರೆ. ತಡೀಬೇಡಿ, ಒಳ್ಳೇ ಪ್ರಶ್ನೆ. ನಾವು ಹೋಗಿದ್ದು ಸಲಾಜಾರ್‌ನ ಇಳಿಸೋಕಲ್ಲ, ಅವನು ಆಮೇಲೂ ಲಿಸ್ಬನ್ನಲ್ಲಿ ಕೂತೇ ಇದ್ದ, ನಾವು ವಸಾಹತು ಬಿಡಿಸಿಕೊಂಡ್ವಿ, ಅದೇ ವ್ಯತ್ಯಾಸ. ನಿಜವಾಗಿ ಹೋಲಿಸಬೇಕಂದ್ರೆ 1979 ತನ್ನಿ. ಆ ಒಂದೇ ವರ್ಷದಲ್ಲಿ ವಿಯೆಟ್ನಾಂ ಕಾಂಬೋಡಿಯಾದ ಸರ್ವಾಧಿಕಾರಿ ಪೋಲ್ ಪಾಟ್‌ನ ಓಡಿಸ್ತು, ಟಾಂಜಾನಿಯಾ ಉಗಾಂಡಾದ ಇದಿ ಅಮೀನ್‌ನ ಓಡಿಸ್ತು, ಇಬ್ಬರೂ ಭದ್ರತಾ ಮಂಡಳಿ ಅಪ್ಪಣೆ ಕೇಳಲಿಲ್ಲ. ಇದನ್ನ ಹೇಳಿದ್ಮೇಲೆ ನಮ್ಮಲ್ಲಿ ಯುದ್ಧ ವಿರೋಧಿಗಳು ಹತ್ತು ನಿಮಿಷ ತಣ್ಣಗಾದ್ರು, ನಾನೂ ಸೇರಿ.

ಕೊನೇಲಿ ಕೈ ಎತ್ತಿಸೋದಾದ್ರೆ ನಿಯಮ ಮೊದಲೇ ಹೇಳಿ. 2003ರ ಮಾರ್ಚ್ 1ಕ್ಕೆ ಟರ್ಕಿ ಸಂಸತ್ತಲ್ಲಿ ಅಮೆರಿಕ ಸೈನ್ಯಕ್ಕೆ ಜಾಗ ಕೊಡೋ ಬಗ್ಗೆ ವೋಟಾಯ್ತು, ಪರ 264, ವಿರೋಧ 250, ಆದ್ರೂ ಬಿದ್ದುಹೋಯ್ತು, ಯಾಕಂದ್ರೆ ಯಾವ ಕಡೆನೂ ಇಲ್ಲ ಅಂತ ಕೂತ 19 ಜನರನ್ನೂ ಲೆಕ್ಕಕ್ಕೆ ಹಿಡಿದ್ರೆ ಅರ್ಧ ದಾಟಲಿಲ್ಲ. ನಿಮ್ಮ ಸಭೇಲೂ ಸುಮ್ನೆ ಕೂರೋರು ಇರ್ತಾರೆ, ಅವರನ್ನ ಏನ್ಮಾಡ್ತೀರಿ ಅಂತ ಮುಂಚೆನೇ ತೀರ್ಮಾನ ಆಗಿರಲಿ. ನಿರ್ಣಯದ ಭಾಷೆನೂ ಅಷ್ಟೇ. ನಮ್ಮ ಲೋಕಸಭೆ 2003ರ ಏಪ್ರಿಲ್ 8ರಂದು ಈ ಯುದ್ಧದ ಮೇಲೆ ನಿರ್ಣಯ ಮಾಡಿದಾಗ ಕಾಂಗ್ರೆಸ್ಸು ಕಮ್ಯುನಿಸ್ಟರಿಗೆ ಇಂಗ್ಲಿಷಿನ ಕಂಡೆಮ್ ಬೇಕಿತ್ತು, ವಾಜಪೇಯಿ ಸರ್ಕಾರಕ್ಕೆ ಅದಕ್ಕಿಂತ ಮೆದುವಾದ ಡಿಪ್ಲೋರ್ ಸಾಕಿತ್ತು, ಕೊನೆಗೆ ಹಿಂದಿಯ "ನಿಂದಾ" ಹಾಕಿದ್ರು, ಅವರವರಿಗೆ ಬೇಕಾದ ಹಾಗೆ ಓದಿಕೊಳ್ಳಿ ಅಂತ. ಅದನ್ನ ಕನ್ನಡಕ್ಕೆ ತರೋಕೆ ಹೋದ್ರೆ ತಮಾಷೆ, ನಮ್ಮಲ್ಲಿ ನಿಂದೆ ಅಂದ್ರೆ ಬೈಗುಳ, ದೇವನಿಂದೆ ಗುರುನಿಂದೆ ಸಾಲಿನದ್ದು, ಖಂಡನೆ ಅಂದ್ರೆ ಸೀದಾ ಕಂಡೆಮ್. ರಾಯರು ವಿಷಾದ ಅನ್ನಿ ಅಂದ್ರು, ಹುಡುಗ ವಿಷಾದ ಅನ್ನೋದು ರೈಲು ಲೇಟಾದ್ರೆ ಹೇಳೋದು ಅಂದ. ಅರ್ಧ ಗಂಟೆ ಅಲ್ಲೇ ಹೋಯ್ತು, ನಿರ್ಣಯ ಆಗಲಿಲ್ಲ, ನನ್ನ ಪ್ರಕಾರ ಇಡೀ ಸಂಜೆಯ ಒಳ್ಳೇ ಅರ್ಧ ಗಂಟೆ ಅದೇ.

ನಡೆಸೋರು ತಮ್ಮ ಅಭಿಪ್ರಾಯ ಬಚ್ಚಿಡಬೇಕಾಗಿಲ್ಲ, ಆದ್ರೆ ಕೊನೇಲಿ, ಎರಡು ಮಾತಲ್ಲಿ, ಅವರೂ ಒಂದು ಹಾಳೆ ಕೆಳಗೆ ನಿಂತು ಹೇಳಬೇಕು. ನಾನು ಮೇ 23ಕ್ಕೆ ಹೋಗಿ ನಿಂತೆ. ಸದ್ದಾಂ ಬಿದ್ದಾಗಿತ್ತು, ಸೈನ್ಯನ ಯಾಕೆ ಬೀದಿಗೆ ತಳ್ಳಿದ್ರು, ಬಂದೂಕು ಹಿಡಿಯೋದೊಂದೇ ಗೊತ್ತಿದ್ದ ಲಕ್ಷಗಟ್ಟಲೆ ಜನ ಸಂಬಳ ಇಲ್ಲದೆ ಎಲ್ಲಿಗೆ ಹೋಗ್ತಾರೆ ಅಂತ ಒಂದು ದಿನನಾದ್ರೂ ಯೋಚಿಸಿದ್ರಾ, ಮುಂದಿನ ದಿನದ ಪ್ಲಾನ್ ಇಲ್ಲದವರಿಗೆ ಯುದ್ಧ ಶುರು ಮಾಡೋ ಹಕ್ಕೇ ಇಲ್ಲ ಅಂದೆ. ರಾಯರು ಕೂತಲ್ಲಿಂದಲೇ "ಅದು ಯುದ್ಧದ ತಪ್ಪಲ್ಲ, ಆಡಳಿತದ ತಪ್ಪು" ಅಂದ್ರು.

ಹಗ್ಗ ಬಿಚ್ಚಿ ಕ್ಲಿಪ್ ಎಣಿಸಿ ಡಬ್ಬಿಗೆ ಹಾಕೋಷ್ಟರಲ್ಲಿ ಹಾಲಿನವನು ಬೀಗ ಹಿಡ್ಕೊಂಡು ನಿಂತಿದ್ದ. ಉಪ್ಪಿಟ್ಟಿನ ಪಾತ್ರೆ ಖಾಲಿ. ಅದನ್ನ ಹುಡುಗ ಎತ್ಕೊಂಡ, ಹಿರಿಯರು ಅವನ ಲ್ಯಾಪ್‌ಟಾಪ್ ಬ್ಯಾಗ್ ಹಿಡ್ಕೊಂಡ್ರು, ಮಾಟುಂಗಾದಲ್ಲಿ ಸ್ಲೋ ಲೋಕಲ್ ಹತ್ತಿದ್ವಿ, ಸೀಟಿಲ್ಲ, ಬಾಗಿಲ ಹತ್ರ ಕಂಬ ಹಿಡ್ಕೊಂಡು ನಿಂತೇ ಇಬ್ಬರೂ ಮುಂದುವರಿಸಿದ್ರು. ಕುರ್ಲಾ ದಾಟಿದಾಗ ಇನ್ನೂ 1991ರಲ್ಲೇ ಇದ್ರು.