ಏಜೆನ್ಸಿ ಬಿಟ್ಟು ಸ್ವಂತವಾಗಿ ಕೇರ್‌ಟೇಕರ್ ಕೆಲಸ: ಶುರು ಮಾಡುವುದು ಹೇಗೆ?

ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂನಂಥ ಹಳೆಯ ಬಡಾವಣೆಗಳಲ್ಲಿ ಮಕ್ಕಳೆಲ್ಲ ದೂರ ಇದ್ದು, ವಯಸ್ಸಾದ ಇಬ್ಬರೇ ಉಳಿದಿರುವ ಮನೆಗಳು ಎಷ್ಟೋ. ಅಲ್ಲಿಗೆ ಬರುವ ಕೇರ್‌ಟೇಕರ್‌ಗಳಲ್ಲಿ ಹೆಚ್ಚಿನವರನ್ನು ಕಳಿಸುವುದು ಏಜೆನ್ಸಿ. ಮನೆಯವರು ಕೊಡುವ ದುಡ್ಡಿನಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಕೆಲಸ ಚೆನ್ನಾಗಿ ಕಲಿತ ಮೇಲೆ ‘ಆ ಪಾಲು ನನಗೇ ಸಿಗಬಾರದೇಕೆ’ ಅನ್ನಿಸುವುದು ಸಹಜ.

ಸಿಗಬಹುದು. ಆದರೆ ಕಮಿಷನ್ ತೆಗೆದುಕೊಂಡು ಏಜೆನ್ಸಿ ಮೂರು ಕೆಲಸ ಮಾಡುತ್ತಿತ್ತು: ಮನೆ ಹುಡುಕುವುದು, ಸಂಬಳದ ಮಾತಾಡುವುದು, ನಿಮಗೆ ಜ್ವರ ಬಂದ ದಿನ ಬದಲಿ ಕಳಿಸುವುದು. ಸ್ವಂತವಾಗಿ ನಿಂತರೆ ಮೂರೂ ನಿಮ್ಮ ತಲೆಯ ಮೇಲೆಯೇ. ರೋಗಿಯನ್ನು ನೋಡಿಕೊಳ್ಳಲು ಬಾರದೆ ಕೆಲಸ ಬಿಟ್ಟವರಿಗಿಂತ, ಮೊದಲೇ ಮಾತಾಡಿಕೊಳ್ಳದೆ ಜಗಳವಾಗಿ ಬಿಟ್ಟವರೇ ಜಾಸ್ತಿ ಅನ್ನುವುದು ನನ್ನ ಅಂದಾಜು. ಹಾಗಾಗಿ ಈ ಲೇಖನದಲ್ಲಿ ಆರೈಕೆಯಷ್ಟೇ ಜಾಗ ಮಾತುಕತೆಗೂ ಇದೆ.

ಏನು ಮಾಡುತ್ತೀರಿ, ಏನು ಮಾಡುವುದಿಲ್ಲ

ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ಸ್ನಾನ, ಬಾಯಿ ಶುಚಿ, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ನಡೆದಾಡಿಸುವುದು, ವೀಲ್‌ಚೇರಿಗೆ ಕೂರಿಸುವುದು, ಮಾತ್ರೆ ನೆನಪಿಸಿ ಕೊಡುವುದು, ಬಿಪಿ–ಶುಗರ್ ನೋಡಿ ಬರೆದಿಡುವುದು ಮೊದಲ ಪಟ್ಟಿಗೆ. ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ ಅಥವಾ ಮೂಗಿನ ನಳಿಕೆ ತೂರಿಸುವುದು ನೋಂದಾಯಿತ ನರ್ಸ್‌ಗಳ ಕೆಲಸ. ಎಎನ್ಎಂ, ಜಿಎನ್ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದವರು ತಮ್ಮನ್ನು ನರ್ಸ್ ಎಂದು ಹೇಳಿಕೊಳ್ಳಬಾರದು. ಮನೆಯವರು ಪ್ರೀತಿಯಿಂದ ‘ನಮ್ಮ ಸಿಸ್ಟರ್’ ಎಂದು ಪರಿಚಯಿಸಿದರೂ ಸರಿ, ನೀವೇ ತಿದ್ದಿ ಹೇಳಿ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಮಾತೇ ಕುತ್ತಿಗೆಗೆ ಬರುತ್ತದೆ.

ತರಬೇತಿ ಇಲ್ಲದಿದ್ದರೆ ಹೋಮ್ ಹೆಲ್ತ್ ಏಡ್ ಅಥವಾ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮಾಡಿ. ಕೌಶಲ ತರಬೇತಿ ಕೇಂದ್ರಗಳಲ್ಲಿ ಇವು ಸಿಗುತ್ತವೆ. ಸರ್ಟಿಫಿಕೇಟಿಗಿಂತಲೂ ಅಲ್ಲಿ ಕಲಿಸುವ ಒಂದು ವಿದ್ಯೆ ಮುಖ್ಯ: ನಿಮ್ಮ ಸೊಂಟ ಹಿಡಿಯದಂತೆ ಇನ್ನೊಬ್ಬರನ್ನು ಎತ್ತುವುದು. ಸೊಂಟ ಹೋದರೆ ಈ ಕೆಲಸವೇ ಹೋಯಿತು.

ಕಾಗದಪತ್ರ

ಸೇವಾ ಸಿಂಧು ಪೋರ್ಟಲ್‌ನಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಏಜೆನ್ಸಿಯ ಹೆಸರು ಹಿಂದೆ ಇಲ್ಲದಾಗ ಹೊಸ ಮನೆಯವರ ನಂಬಿಕೆಗೆ ಇದೇ ಆಧಾರ. 2021ರಲ್ಲಿ ಶುರುವಾದ ಇ–ಶ್ರಮ್‌ನಲ್ಲಿ 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಉಚಿತವಾಗಿ ನೋಂದಾಯಿಸಿಕೊಂಡು 12 ಅಂಕಿಯ ಸಂಖ್ಯೆ ಪಡೆಯಬಹುದು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ಇದ್ದರಾಯಿತು.

ಬ್ಯಾಂಕಿಗೆ ಹೋದಾಗ ಎರಡು ವಿಮೆಗಳ ಫಾರಂ ಕೇಳಿ. ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಜೀವನಜ್ಯೋತಿಗೆ 436 ರೂಪಾಯಿ, ಸಾವಿಗೆ ಕಾರಣ ಏನೇ ಇರಲಿ 2 ಲಕ್ಷ. ಇದಕ್ಕೆ ಸೇರಲು ವಯಸ್ಸು 50 ದಾಟಿರಬಾರದು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ದುಡ್ಡು ಕಡಿತವಾಗುತ್ತದೆ. ಆಗ ಖಾತೆ ಖಾಲಿ ಇದ್ದರೆ ಪಾಲಿಸಿ ನಿಂತುಹೋಗುತ್ತದೆ, ಎಷ್ಟೋ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. 40 ದಾಟದಿದ್ದರೆ ಅಟಲ್ ಪಿಂಚಣಿಯನ್ನೂ ವಿಚಾರಿಸಿ. ಏಜೆನ್ಸಿ ಇಲ್ಲದವರಿಗೆ ಪಿಎಫ್ ಕಟ್ಟುವವರು ಯಾರೂ ಇರುವುದಿಲ್ಲ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ರಕ್ತ, ಮಲಮೂತ್ರದ ನಡುವೆ ಕೆಲಸ ಮಾಡುವವರು ಹಾಕಿಸಿಕೊಂಡಿರಲೇಬೇಕು.

ದರ ನಿಗದಿ

ಇಲ್ಲೇ ಎಲ್ಲರ ಲೆಕ್ಕ ತಪ್ಪುವುದು. ಉದಾಹರಣೆಗೆ 12 ಗಂಟೆ ಡ್ಯೂಟಿಗೆ ದಿನಕ್ಕೆ 900 ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 26 ದಿನವಾದರೆ 23,400. ‘ಏಜೆನ್ಸಿಯಲ್ಲಿ 18 ಸಾವಿರ ಸಿಗುತ್ತಿತ್ತು, ಈಗ 23 ಸಾವಿರ’ ಎಂದು ಖುಷಿಪಡುವ ಮುಂಚೆ ವರ್ಷದ ಲೆಕ್ಕ ಹಾಕಿ. ಒಂದು ಮನೆಯ ಕೆಲಸ ಮುಗಿದು ಇನ್ನೊಂದು ಸಿಗುವ ತನಕ ವರ್ಷದಲ್ಲಿ ಒಂದೂವರೆ ತಿಂಗಳು ಖಾಲಿ ಕೂತರೆ, ಹತ್ತೂವರೆ ತಿಂಗಳ ದುಡಿಮೆ 2,45,700. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 20,475. ಏಜೆನ್ಸಿ ಸಂಬಳಕ್ಕೆ ಹೋಲಿಸಬೇಕಾದದ್ದು ಈ ಅಂಕಿಯನ್ನು. ಬಸ್ ಖರ್ಚು ಹೆಂಗಸರಿಗೆ ಶಕ್ತಿ ಯೋಜನೆಯಿಂದ ಉಳಿಯಿತು ಅನ್ನಿ. ಆದರೆ ರಾತ್ರಿ ಎಂಟಕ್ಕೆ ಡ್ಯೂಟಿ ಬಿಟ್ಟು ಹೊರಟರೆ ಬಸ್ ಸ್ಟಾಪಿನಿಂದ ಮನೆ ತನಕದ ಆಟೋಗೆ ಶಕ್ತಿ ಇಲ್ಲವಲ್ಲ, ಅದನ್ನೂ ಸೇರಿಸಿಕೊಳ್ಳಿ.

24 ಗಂಟೆ ಡ್ಯೂಟಿ ಎಂದರೆ 24 ಗಂಟೆ ಎಚ್ಚರ ಇರುವುದಲ್ಲ. ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಮಲಗಲು ಜಾಗ ಎಲ್ಲಿ, ಮಧ್ಯಾಹ್ನ ಎರಡು ಗಂಟೆ ಬಿಡುವು ಯಾವಾಗ ಎಂದು ಕೇಳದೆ ದರ ಹೇಳಬೇಡಿ. ಮರೆವಿನ ಕಾಯಿಲೆ ಇರುವವರು ರಾತ್ರಿಯೆಲ್ಲ ಎದ್ದು ಓಡಾಡುತ್ತಾರೆ. ಅಂಥ ಮನೆಗೆ ಇಬ್ಬರು ಪಾಳಿಯಲ್ಲಿ ಬೇಕು, ಒಬ್ಬರಿಂದ ಆಗುವುದಿಲ್ಲ. ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಿಂದಲೇ ಕನಿಷ್ಠ ವೇತನದ ಅಧಿಸೂಚನೆ ಇದೆ. ಈಗಿನ ದರವನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿದುಕೊಂಡರೆ, ಅದಕ್ಕಿಂತ ಕೆಳಗೆ ಮಾತಾಡುವ ಮನೆಗೆ ನಮಸ್ಕಾರ ಹೇಳಿ ಬರಬಹುದು.

ಮಾತು ಕಾಗದದ ಮೇಲೆ ಬರಲಿ

ಛಾಪಾ ಕಾಗದ ಬೇಕಿಲ್ಲ. ಒಂದು ಹಾಳೆ, ಇಬ್ಬರ ಸಹಿ, ಮೊಬೈಲಿನಲ್ಲಿ ಅದರ ಫೋಟೊ ಸಾಕು. ಡ್ಯೂಟಿ ಸಮಯ, ಸಂಬಳದ ತಾರೀಖು, ವಾರದ ರಜೆ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆಯೇ ವಿಷಯಗಳು.

ರೋಗಿ ಆಸ್ಪತ್ರೆಗೆ ಸೇರಿದರೆ? ನೀವೂ ಆಸ್ಪತ್ರೆಯಲ್ಲಿ ಇರಬೇಕೆಂದರೆ ಪೂರ್ತಿ ಸಂಬಳ. ‘ಮನೆಗೆ ಬಂದ ಮೇಲೆ ಬನ್ನಿ, ಬೇರೆ ಕಡೆ ಹೋಗಬೇಡಿ’ ಅಂದರೆ ಅರ್ಧ ಸಂಬಳ ಎಂದು ಬರೆಸಿ. ಮಗ ಅಮೆರಿಕದಿಂದ ಬಂದು ಒಂದು ತಿಂಗಳು ತಾನೇ ನೋಡಿಕೊಳ್ಳುತ್ತೇನೆ ಅಂದರೂ ಇದೇ ನಿಯಮ. ಕೆಲಸ ಬಿಡಿಸುವುದಾದರೆ ಹದಿನೈದು ದಿನ ಮುಂಚೆ ತಿಳಿಸಬೇಕು, ಇಲ್ಲವೇ ಅಷ್ಟು ದಿನದ ಸಂಬಳ ಕೊಡಬೇಕು. ನೀವು ಬಿಡುವಾಗಲೂ ಹಾಗೆಯೇ ಹದಿನೈದು ದಿನ ಮುಂಚೆ ತಿಳಿಸಬೇಕು.

ಮನೆಗೆಲಸದ ಗೆರೆಯನ್ನೂ ಇಲ್ಲೇ ಎಳೆಯಿರಿ. ಅಜ್ಜಿಯ ಬಟ್ಟೆ, ಹಾಸಿಗೆ, ತಟ್ಟೆ ನಿಮ್ಮದು. ಮನೆಮಂದಿಯ ಪಾತ್ರೆ ನಿಮ್ಮದಲ್ಲ. ಆದರೂ ಎರಡನೇ ವಾರಕ್ಕೆ ಅಡುಗೆಮನೆಯಿಂದ ದನಿ ಬಂದೇ ಬರುತ್ತದೆ: ‘ಹೇಗೂ ಕೂತಿದ್ದೀರಲ್ಲಮ್ಮ, ಈ ಹುರುಳಿಕಾಯಿ ಸ್ವಲ್ಪ ಹೆಚ್ಚಿಕೊಡಿ.’ ಮುಖ ಗಂಟು ಹಾಕಿಕೊಳ್ಳಬೇಡಿ. ‘ಇವತ್ತು ಹೆಚ್ಚಿಕೊಡ್ತೀನಿ ಮೇಡಂ. ದಿನಾ ಬೇಕು ಅಂದ್ರೆ ಸಂಬಳದ್ದು ಒಂದ್ಸಲ ಮಾತಾಡೋಣ’ ಎಂದು ನಗುತ್ತಲೇ ಹೇಳಿ. ಹುರುಳಿಕಾಯಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಬದಲಿಯ ಏರ್ಪಾಡು ನಿಮ್ಮದೇ. ಇದೇ ಕೆಲಸ ಮಾಡುವ ಇಬ್ಬರು ಮೂವರು ಪರಿಚಿತರೊಂದಿಗೆ ‘ನಿನಗೆ ನಾನು, ನನಗೆ ನೀನು’ ಎಂದು ಒಪ್ಪಂದ ಮಾಡಿಕೊಂಡು, ಕೆಲಸ ಶುರುವಾದ ವಾರದಲ್ಲೇ ಅವರನ್ನು ಮನೆಯವರಿಗೆ ಪರಿಚಯಿಸಿ. ಹೊಸ ಮನೆಗಳ ಸುದ್ದಿ ಬರುವುದೂ ಇವರಿಂದಲೇ. ಬಡಾವಣೆಯ ಫಿಸಿಯೋಥೆರಪಿಸ್ಟ್, ಮೆಡಿಕಲ್ ಶಾಪಿನವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಬಳಿಯೂ ನಿಮ್ಮ ನಂಬರ್ ಇರಲಿ.

ನೋಟ್‌ಬುಕ್

ಕೆಲಸದ ಮೊದಲ ದಿನ ನೂರು ಪುಟದ ಒಂದು ನೋಟ್‌ಬುಕ್ ಕೊಂಡುಹೋಗಿ. ಒಂದು ಬೆಳಿಗ್ಗೆಯ ಪುಟ ಹೀಗಿರಬಹುದು:

‘6.40 – ಶುಗರ್ 118. 7.00 – ತಿಂಡಿಗೆ ಮುಂಚಿನ ಮಾತ್ರೆ ಕೊಟ್ಟೆ. 7.30 – ಎರಡು ಇಡ್ಲಿ, ಅರ್ಧ ಲೋಟ ಕಾಫಿ. 8.15 – ಮೋಷನ್ ಆಯಿತು, ಗಟ್ಟಿ. 9.00 – ಎಡ ಮಗ್ಗುಲು. ಬೆನ್ನ ಕೆಳಗೆ, ಮೂಳೆ ಮುಗಿಯುವ ಕಡೆ ಚರ್ಮ ಕಪ್ಪಾಗಿದೆ, ಮುಟ್ಟಿದರೆ ಬಿಸಿ. 9.15 – ಮಗಳಿಗೆ ಫೋನ್ ಮಾಡಿ ಹೇಳಿದೆ.’

ಕೊನೆಯ ಎರಡು ಸಾಲು ಗಮನಿಸಿ. ಹಾಸಿಗೆ ಹಿಡಿದವರಿಗೆ ಹಾಸಿಗೆ ಹುಣ್ಣು ಶುರುವಾಗುವುದು ಹೀಗೆಯೇ. ಕೆಂಪಾಗುತ್ತದೆ ಎಂದು ಕಲಿಸಿರುತ್ತಾರೆ. ನಮ್ಮವರ ಕಂದು ಮೈಬಣ್ಣದಲ್ಲಿ ಎಷ್ಟೋ ಸಲ ಕೆಂಪು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಗಾಢವಾಗಿದೆಯೇ, ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಲೇಬಾರದು, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪವೇ ಓರೆಯಾಗಿ ಮಲಗಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು ದಿಂಬಿಡಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಸೊಂಟದ ಕೆಳಗೆ ಮಡಿಸಿದ ಹಾಸುಬಟ್ಟೆ ಹಾಕಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ನೋಟ್‌ಬುಕ್ ಡಾಕ್ಟರಿಗೆ ಬೇಕು, ದೂರದ ಮಕ್ಕಳಿಗೆ ಬೇಕು, ಎಲ್ಲಕ್ಕಿಂತ ನಿಮಗೆ ಬೇಕು. ‘ನೀವು ನೋಡಿಕೊಳ್ಳದೇ ಇದ್ದದ್ದಕ್ಕೆ ಹುಣ್ಣಾಯಿತು’ ಎಂಬ ಮಾತು ಬಂದಾಗ ಉತ್ತರ ಕೊಡುವುದು ಆ ಪುಟ. ಬಜಾರಿನ ಚಿಲ್ಲರೆ ಲೆಕ್ಕವೂ ಅದರ ಹಿಂದಿನ ಪುಟಗಳಲ್ಲಿ, ರಸೀದಿ ಅಂಟಿಸಿ.

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಡಾಕ್ಟರ ನಂಬರ್, 108, 112 ಬರೆದಿಡಿ. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಮಕ್ಕಳ ಅನುಮತಿಗೆ ಕಾಯದೆ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಶುಗರ್ 70ಕ್ಕಿಂತ ಇಳಿದು ಬೆವರುತ್ತಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ನಿಮ್ಮ ರಕ್ಷಣೆ

ಮೊದಲ ದಿನವೇ ‘ಬಂಗಾರ, ಬೀರುವಿನ ಕೀ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ’ ಎಂದು ನೀವಾಗಿಯೇ ಹೇಳಿ. ಕಳ್ಳತನದ ಆರೋಪದಷ್ಟು ಈ ಕೆಲಸದವರನ್ನು ಹೆದರಿಸುವುದು ಇನ್ನೊಂದಿಲ್ಲ. ರೋಗಿಯ ಫೋಟೊ ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಬೇಡ, ಹುಟ್ಟುಹಬ್ಬದ್ದಾದರೂ ಬೇಡ.

ಮನೆಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸಹಿಸಿಕೊಂಡಿರಬೇಕಿಲ್ಲ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ. ಪ್ರತಿ ಜಿಲ್ಲೆಯಲ್ಲಿ ಇರುವ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ತಕ್ಷಣದ ಸಹಾಯಕ್ಕೆ 181. ಹಾಗೆಯೇ ಮನೆಯವರೇ ಹಿರಿಯರಿಗೆ ಹೊಡೆಯುವುದು, ಊಟ ಕೊಡದಿರುವುದು ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ತಿಳಿಸಿ.

ಕೆಲಸ ಮುಗಿದಾಗ

ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಮುಗಿಯುವುದು ಒಂದು ಸಾವಿನಿಂದ. ಆ ಹೊತ್ತಿನಲ್ಲಿ ಬಾಕಿ ದುಡ್ಡು ಕೇಳುವುದು ಹೇಗೆಂದು ಎಷ್ಟೋ ಜನ ಬಾಯಿ ಬಿಡದೆ ಬಂದುಬಿಡುತ್ತಾರೆ. ಹಾಳೆಯಲ್ಲಿ ಮೊದಲೇ ‘ಅಂದಿನವರೆಗಿನ ಸಂಬಳ ಮತ್ತು ಏಳು ದಿನದ ಹೆಚ್ಚುವರಿ’ ಎಂದು ಬರೆಸಿದ್ದರೆ ನೀವು ಕೇಳಬೇಕಾದ ಪ್ರಸಂಗವೇ ಬರುವುದಿಲ್ಲ. ಮನೆಯ ಕೀ, ಉಳಿದ ಮಾತ್ರೆ, ಬಿಪಿ ಮಷೀನು, ನೋಟ್‌ಬುಕ್ ಎಲ್ಲವನ್ನೂ ಒಬ್ಬರ ಕೈಗೆ ಒಪ್ಪಿಸಿ. ಶಿಫಾರಸು ಪತ್ರದ ಮಾತು ಅವತ್ತು ಬೇಡ. ತಿಥಿಯೋ ವೈಕುಂಠ ಸಮಾರಾಧನೆಯೋ ಮುಗಿದ ಮೇಲೆ ಒಂದು ದಿನ ಹೋಗಿ, ಎಷ್ಟು ತಿಂಗಳು ಇದ್ದಿರಿ, ಏನೇನು ಕೆಲಸ ಮಾಡಿದಿರಿ ಎಂದು ನಾಲ್ಕು ಸಾಲು ಬರೆಸಿಕೊಳ್ಳಿ. ಮುಂದಿನ ಮನೆಯವರು ವಿಚಾರಿಸಿದರೆ ಅವರ ಫೋನ್ ನಂಬರ್ ಕೊಡಬಹುದೇ ಎಂದೂ ಆಗಲೇ ಕೇಳಿಕೊಳ್ಳಿ.