ರಕ್ಷಣಾ ಬಜೆಟ್ಟಿನ ಹಂಚಿಕೆಗೆ ಜೋಡಿ ಹೋಲಿಕೆ: ಲೆಕ್ಕ ಮಾಡುವ ಕ್ರಮ

ರಕ್ಷಣಾ ಬಜೆಟ್ಟನ್ನು ಪ್ರಾಜೆಕ್ಟಿಗೆ ಆಯ್ದುಕೊಳ್ಳುವ ಧಾರವಾಡದ ಎಂ.ಬಿ.ಎ. ಮತ್ತು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಸಂಬಳ, ಪಿಂಚಣಿ ಹಾಗೂ ಹಳೆಯ ಖರೀದಿ ಒಪ್ಪಂದಗಳ ಕಂತುಗಳನ್ನು ಬೇರ್ಪಡಿಸಿಡಬೇಕು. ಕೊಡಲೇಬೇಕಾದ ಹಣಕ್ಕೆ ಆದ್ಯತೆಯ ಅಂಕ ಹಾಕುವುದು ವ್ಯರ್ಥ. ಲೆಕ್ಕವೆಲ್ಲ ಉಳಿದ ಮೊತ್ತದ ಮೇಲೆಯೇ ನಡೆಯಬೇಕು.

ಈ ಲೆಕ್ಕಕ್ಕೆ ಗಣಿತಜ್ಞ ಥಾಮಸ್ ಸಾಟಿಯವರು 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್, ಅಂದರೆ ಜೋಡಿ ಹೋಲಿಕೆಯಿಂದ ಆದ್ಯತೆ ಅಳೆಯುವ) ವಿಧಾನವನ್ನು ಬಳಸಬಹುದು. ಅದರಲ್ಲಿ ಮೇಲೆ ಗುರಿ, ನಡುವೆ ಮಾನದಂಡಗಳು, ತಳದಲ್ಲಿ ಯೋಜನೆಗಳು ಇರುತ್ತವೆ. ಪ್ರತಿ ಹಂತದಲ್ಲೂ ಎರಡೆರಡನ್ನು ಹೋಲಿಸಿ, ಸಮಾನವಾದರೆ 1, ಒಂದು ಇನ್ನೊಂದಕ್ಕಿಂತ ಅತ್ಯಂತ ಮುಖ್ಯವಾದರೆ 9, ಹೀಗೆ ಅಂಕ ಕೊಡಬೇಕು. ಮಾನದಂಡಗಳನ್ನು ನೀತಿ ನಿರ್ಧರಿಸುವವರೂ ಯೋಜನೆಗಳನ್ನು ಅವುಗಳನ್ನು ಬಳಸುವ ಘಟಕದವರೂ ಹೋಲಿಸುವುದು ಸರಿ. ಮಾನದಂಡಗಳನ್ನೂ ಘಟಕದವರಿಗೇ ಬಿಟ್ಟರೆ ಅವರು ತಮ್ಮದನ್ನೇ ಮುಂದಿಡುತ್ತಾರೆ: ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ ತಮ್ಮ ವಾರ್ಡಿನ ಗಟಾರ ಮುಖ್ಯವೋ ಇಡೀ ಊರಿನ ನೀರು ಮುಖ್ಯವೋ ಎಂದು ಸದಸ್ಯರೊಬ್ಬರನ್ನು ಕೇಳಿದರೆ ಉತ್ತರ ಏನು ಬರುತ್ತದೆಂದು ಎಲ್ಲರಿಗೂ ಗೊತ್ತು.

ಮೂರು ಮಾನದಂಡಗಳ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಸನ್ನದ್ಧತೆಯು ಆಧುನೀಕರಣಕ್ಕಿಂತ 2 ಪಟ್ಟು, ಸ್ವದೇಶಿ ಉತ್ಪಾದನೆಗಿಂತ 4 ಪಟ್ಟು ಮುಖ್ಯವೆಂದೂ, ಆಧುನೀಕರಣವು ಸ್ವದೇಶಿ ಉತ್ಪಾದನೆಗಿಂತ 3 ಪಟ್ಟು ಮುಖ್ಯವೆಂದೂ ತೀರ್ಮಾನವಾಗಿದೆ ಎಂದುಕೊಳ್ಳಿ. ಇವನ್ನು ಮೂರು ಸಾಲಿನ ಕೋಷ್ಟಕದಲ್ಲಿಟ್ಟು, ತಿರುವಿದ ಹೋಲಿಕೆಗಳಿಗೆ 1/2, 1/4, 1/3 ಎಂದೂ ತನ್ನೊಂದಿಗೇ ಆಗುವ ಹೋಲಿಕೆಗೆ 1 ಎಂದೂ ಬರೆದು, ಪ್ರತಿ ಸಾಲಿನ ಮೂರು ಸಂಖ್ಯೆಗಳನ್ನು ಗುಣಿಸಿ ಘನಮೂಲ ತೆಗೆದರೆ 2.000, 1.145, 0.437 ಸಿಗುತ್ತವೆ, ಅವುಗಳನ್ನು ಒಟ್ಟು ಮೊತ್ತದಿಂದ ಭಾಗಿಸಿದಾಗ 0.56, 0.32, 0.12 ಎಂಬ ತೂಕಗಳು ದೊರೆಯುತ್ತವೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಸುಸಂಗತತೆಯ ಅನುಪಾತ ತಿಳಿಸುತ್ತದೆ. ಅದು 0.10ರ ಒಳಗಿರಬೇಕು, ಇಲ್ಲಿ ಸುಮಾರು 0.016 ಮಾತ್ರ. ಮಿತಿ ಮೀರಿದರೆ ಸಂಖ್ಯೆಗಳನ್ನು ತಿದ್ದಬಾರದು, ಉತ್ತರ ಕೊಟ್ಟವರನ್ನೇ ಮತ್ತೆ ಕೇಳಬೇಕು.

ಬಹಳಷ್ಟು ವರದಿಗಳು ಇದಾದ ಮೇಲೆ ದಾರಿ ತಪ್ಪುತ್ತವೆ. ತೂಕವು 0.56 ಬಂದಿತೆಂದು ಹಣದಲ್ಲಿಯೂ ಶೇ. 56ನ್ನು ಸನ್ನದ್ಧತೆಗೆ ಕೊಟ್ಟುಬಿಡುವುದು ತಪ್ಪು, ಏಕೆಂದರೆ ತೂಕವು ಮಹತ್ವವನ್ನು ಹೇಳುತ್ತದೆಯೇ ಹೊರತು ಬೆಲೆಯನ್ನಲ್ಲ. ಮಾನದಂಡಗಳ ತೂಕವನ್ನು ಯೋಜನೆಗಳ ಹೋಲಿಕೆಯೊಂದಿಗೆ ಸೇರಿಸಿ ಪ್ರತಿ ಯೋಜನೆಗೂ ಒಂದು ಅಂಕ ಬಂದಿದೆ ಎಂದುಕೊಳ್ಳಿ. ಕೈಯಲ್ಲಿ 100 ಕೋಟಿ ರೂಪಾಯಿ ಇದ್ದು, ಮೊದಲ ಯೋಜನೆಗೆ 0.45 ಅಂಕ ಮತ್ತು 80 ಕೋಟಿ ವೆಚ್ಚ, ಎರಡನೆಯದಕ್ಕೆ 0.30 ಮತ್ತು 40 ಕೋಟಿ, ಮೂರನೆಯದಕ್ಕೆ 0.25 ಮತ್ತು 50 ಕೋಟಿ ಇದ್ದರೆ, ಅತಿ ಹೆಚ್ಚು ಅಂಕದ ಯೋಜನೆಯನ್ನು ಆರಿಸಿದಾಗ 20 ಕೋಟಿ ಉಳಿದು ಬೇರೇನೂ ಸಾಧ್ಯವಾಗುವುದಿಲ್ಲ. ಉಳಿದೆರಡನ್ನೂ ಒಟ್ಟಿಗೆ ತೆಗೆದುಕೊಂಡರೆ 90 ಕೋಟಿಗೆ 0.55 ಅಂಕ ಸಿಗುತ್ತದೆ. ಯೋಜನೆಗಳು ಹೆಚ್ಚಾದರೆ ಈ ಹುಡುಕಾಟವನ್ನು ಎಕ್ಸೆಲ್‌ನ ಸಾಲ್ವರ್ ಎಂಬ ಸಾಧನಕ್ಕೆ ಒಪ್ಪಿಸಬಹುದು.

ವೆಚ್ಚದ ಕಾಲಂನಲ್ಲಿ ವರ್ಷವಾರು ಕಂತುಗಳನ್ನು ಬೇರೆಬೇರೆಯಾಗಿ ತೋರಿಸಬೇಕು. ಖರ್ಚಾಗದ ಅನುದಾನ ಮಾರ್ಚ್ 31ಕ್ಕೆ ರದ್ದಾಗುವುದರಿಂದ, ಒಟ್ಟು ಮೊತ್ತ ಹೊಂದಿದರೂ ಯಾವುದೋ ಒಂದು ವರ್ಷದ ಕಂತು ಆ ವರ್ಷದ ಮಿತಿಯನ್ನು ಮೀರುವ ಆಯ್ಕೆಯನ್ನು ಕೈಬಿಡಬೇಕಾಗುತ್ತದೆ.